ಸೋರುವುದು ನಿಂತ ದಿನ

ಬೆಳಿಗ್ಗೆ ಹಾಲು ತರಲು ಹೊರಟ ಮನೆ ಒಡತಿಯ ಚಪ್ಪಲಿ ಜಾರಿದ್ದೇ ಎಲ್ಲದಕ್ಕೂ ಮೂಲ. ಅವರು ಬೀಳಲಿಲ್ಲ, ಪಕ್ಕದಲ್ಲಿದ್ದ ಕಾರಿನ ಬಾನೆಟ್ಟು ಹಿಡಿದು ನಿಂತರು. ತಮ್ಮನ್ನು ಕಾಪಾಡಿದ ಆ ಕಾರನ್ನೇ ದುರುಗುಟ್ಟಿ ನೋಡಿ, ಕೆಳಮನೆಯ ಬಾಗಿಲು ಬಡಿದರು.

"ಏನಯ್ಯಾ ಕನ್ನಡಕದಂಗಡಿ! ಊರೋರ ಕಣ್ಣೆಲ್ಲಾ ಸರಿ ಮಾಡ್ತೀಯ, ನಿನ್ನ ಕಾರಿನ ಅಡಿ ಏನಿದೆ ಅಂತ ನಿಂಗೇ ಕಾಣಲ್ವಾ?"

ಬಾಡಿಗೆದಾರ ಹಲ್ಲುಜ್ಜುತ್ತಲೇ ಬಂದು ಬಗ್ಗಿ ನೋಡಿದ. ಎಮ್ಮೆ ಮಲಗೆದ್ದಷ್ಟು ಅಗಲಕ್ಕೆ ಕಪ್ಪು ಕಲೆ.

"ಇಂಜಿನ್ ಆಯಿಲ್ ಸ್ವಲ್ಪ ಸೋರ್ತಿದೆ ದೊಡ್ಡಮ್ಮಾ. ವಯಸ್ಸಾದ ಗಾಡಿ, ಅಲ್ವಾ?"

"ನಂಗೂ ವಯಸ್ಸಾಗಿದೆ. ನಾನೆಲ್ಲಾದ್ರೂ ಸೋರ್ತಿದ್ದೀನಾ? ಸಂಜೆಯೊಳಗೆ ಇದು ನಿಲ್ಬೇಕು. ಇಲ್ಲಾಂದ್ರೆ ಈ ಡಬ್ಬ ಗುಜರಿಗೆ ಹೋಗ್ಬೇಕು."

ಗುಜರಿ ಎಂಬ ಮಾತು ಅವನ ಎದೆಗೆ ನಾಟಿತು. ಅವನು ದನಿಯೆತ್ತುವ ಆಸಾಮಿಯೇ ಅಲ್ಲ; ಗಿರಾಕಿ ಒಂದೇ ಫ್ರೇಮನ್ನು ಮೂರು ಸಲ ವಾಪಸು ತಂದರೂ ನಗುವವನು. ಆದರೆ ಈ ಕಾರಿನ ವಿಷಯ ಬೇರೆ. ಅಂಗಡಿ ಅಪ್ಪ ಇಟ್ಟದ್ದು, ಮನೆ ಬಾಡಿಗೆಯದು, ಹೆಂಡತಿಯನ್ನು ನೋಡಿ ಒಪ್ಪಿದ್ದು ಸೋದರತ್ತೆ. ಎಲ್ಲರೂ ಬೇಡವೆಂದರೂ ಅವನು ತಾನೇ ಆರಿಸಿಕೊಂಡದ್ದೆಂದರೆ ಈ ಕಾರೊಂದೇ.

"ಗುಜರಿಗಾ? ಮುಟ್ಲಿ ನೋಡೋಣ! ನಾನೇ ರಿಪೇರಿ ಮಾಡ್ತೀನಿ," ಎಂದು ಗುಡುಗಿದ. ಬಾಯಿಂದ ನೊರೆ ಹಾರಿತು.

"ನೀವಾ?" ಎಂದಳು ಒಳಗಿನಿಂದ ಹೆಂಡತಿ. "ಮೊನ್ನೆ ಫ್ಯಾನಿಗೆ ಎಣ್ಣೆ ಬಿಡ್ತೀನಿ ಅಂತ ಹತ್ತಿ, ಫ್ಯಾನನ್ನೇ ಕೆಳಗೆ ಬಿಟ್ರಿ."

ಅವನು ಬಾಯಿ ಮುಕ್ಕಳಿಸಿ ಬಂದ. ಅಂಗಡಿಗೆ ರಜೆ ಹಾಕಿ, ಗೋಣಿಚೀಲ ಹಾಸಿಕೊಂಡು ಕಾರಿನಡಿ ತೂರಿದ.

ಅಷ್ಟರಲ್ಲಿ ಮಹಡಿಯಿಂದ ನಿವೃತ್ತ ಬಸ್ ಕಂಡಕ್ಟರು ಇಳಿದು ಬಂದರು. ಬೀದಿಯವರು ಅವರಿಗಿಟ್ಟ ಹೆಸರು 'ಹೋಲ್ಡಾನ್'. ಯಾರು ಯಾವ ಕೆಲಸ ಮಾಡುತ್ತಿದ್ದರೂ ನಡುವೆ ಹಾಗೆಂದು ತಡೆಯದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಹೋಲ್ಡಾನ್! ಎಣ್ಣೆ ಕೆಳಗೆ ಬೀಳ್ತಿದೆ ಅಂದ್ಮೇಲೆ ತೊಂದ್ರೆನೂ ಕೆಳಗೇ ಇರುತ್ತೆ. ತಳದ ನಟ್ಟು ಬಿಗಿ ಮಾಡು. ಜೀವಮಾನವೆಲ್ಲಾ ಬಸ್ಸಲ್ಲಿ ಕಳೆದೋನು ನಾನು."

"ಬಸ್ಸಿನ ಒಳಗೆ ಕಳೆದ್ರಿ ಸಾರ್, ಅಡಿಯಲ್ಲಿ ಅಲ್ವಲ್ಲ!"

ಹಾಗಂದರೂ ನಟ್ಟನ್ನು ಬಿಗಿ ಮಾಡಿದ. ಬಹುಮಾನವೆಂಬಂತೆ ಒಂದು ದಪ್ಪ ತೊಟ್ಟು ಅವನ ಕನ್ನಡಕದ ಮೇಲೇ ಬಿತ್ತು. ಒರೆಸಿದಷ್ಟೂ ಹರಡಿ, ಒಂದು ಕಣ್ಣಿಗೆ ಬೆಳಿಗ್ಗೆಯೇ ಮುಸ್ಸಂಜೆಯಾಯಿತು.

ಅದನ್ನು ತಿಕ್ಕುತ್ತಾ ಕೂತಾಗ ಅವನಿಗೆ ಹೊಳೆಯಿತು. ತಲೆನೋವು ಅಂತ ಅಂಗಡಿಗೆ ಬರುವ ಎಷ್ಟೋ ಜನರ ತೊಂದರೆ ಇರುವುದು ಕಣ್ಣಿನಲ್ಲಿ. ಹಾಗೆಯೇ ಎಣ್ಣೆ ತೊಟ್ಟಿಕ್ಕುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು ಯಾಕಿರಬಾರದು? ಸೀಮೆಎಣ್ಣೆಯ ಬಟ್ಟೆಯಿಂದ ಇಂಜಿನ್ನನ್ನೆಲ್ಲಾ ಒರೆಸಿ ಒಣಗಿಸಿದ. ಒಳಗಿಂದ ಹೆಂಡತಿಯ ಪೌಡರ್ ಡಬ್ಬಿ ತಂದು ಅದರ ಮೈತುಂಬಾ ಉದುರಿಸಿದ.

"ಅಯ್ಯೋ! ನಾನು ಹಾಕ್ಕೊಂಡಾಗ ಒಂದು ದಿನಾನೂ ತಿರುಗಿ ನೋಡ್ಲಿಲ್ಲ, ಈಗ ಕಾರಿನ ಮುಂದೆ ಕೂತು ನೋಡ್ತಾರಂತೆ!"

"ನೀನು ಸೋರಲ್ವಲ್ಲೇ!" ಎಂದ ಅವನು. ಅದು ಹೊಗಳಿಕೆ ಎಂದು ಹೆಂಡತಿಗೆ ಅನಿಸಲಿಲ್ಲ.

ಇಂಜಿನ್ ಚಾಲೂ ಮಾಡಿ, ಗಿರಾಕಿಗಳ ಮುಖಕ್ಕೆ ಹಿಡಿಯುವ ಕೈಗನ್ನಡಿಯನ್ನು ಅದರ ಹಿಂಬದಿಗೆ ಹಿಡಿದ. ಬಿಳಿ ಪೌಡರಿನ ಮೇಲೆ ಸಣ್ಣದೊಂದು ಕಪ್ಪು ಗೆರೆ ಮೇಲಿನ ಮುಚ್ಚಳದಿಂದ ಹೊರಟು, ಬೆನ್ನಗುಂಟ ಇಳಿದು, ತಳ ಸೇರುತ್ತಿತ್ತು. ಇಂಜಿನ್ ಆರಿಸಿ ಮುಚ್ಚಳ ಬಿಚ್ಚಿದ. ಅಡಿಯಲ್ಲಿದ್ದ, ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ಟು ಒಣಗಿ, ಕೈಗೆತ್ತಿಕೊಂಡರೆ ಪುಡಿಪುಡಿಯಾಯಿತು.

ಬಿಡಿಭಾಗದ ಅಂಗಡಿಯವನು ಕಾರಿನ ಹೆಸರು ಕೇಳಿ, ತೀರಿಕೊಂಡವರನ್ನು ವಿಚಾರಿಸುವ ದನಿಯಲ್ಲಿ, "ಅದಿನ್ನೂ ಇದೆಯಾ?" ಎಂದ.

"ಇದೆ. ಇರುತ್ತೆ!"

ಅಂಗಡಿಯವನು ಅಟ್ಟ ಹತ್ತಿ, ಧೂಳು ಕೊಡವಿ, ಒಂದು ಗ್ಯಾಸ್ಕೆಟ್ ಇಳಿಸಿ ಕೊಟ್ಟ.

ಅದನ್ನು ಪದಕದಂತೆ ಹಿಡಿದು ಅಂಗಳಕ್ಕೆ ಬಂದರೆ, ಹೋಲ್ಡಾನ್ ಡ್ರೈವರ್ ಸೀಟಿನಲ್ಲಿ ಕೂತಿದ್ದರು.

"ಮುಚ್ಚಳ ಇಲ್ದೆ ಹೇಗೆ ಓಡುತ್ತೆ ಅಂತ ಸುಮ್ನೆ ಒಂದ್ಸಲ..."

"ಬೇಡಾ ಸಾರ್!" ಎಂದು ಕೂಗುತ್ತಾ ಓಡಿದ. ಕೀಲಿ ಆಗಲೇ ತಿರುಗಿತ್ತು. ತೆರೆದ ಇಂಜಿನ್ ಎಣ್ಣೆಯನ್ನು ಕಾರಂಜಿಯಂತೆ ಚಿಮ್ಮಿಸಿತು. ಅರ್ಧ ಅವನ ಮುಖಕ್ಕೆ, ಉಳಿದರ್ಧ ತಂತಿಯ ಮೇಲೆ ಒಣಗುತ್ತಿದ್ದ ಒಡತಿಯ ಬಿಳಿ ಹೊದಿಕೆಗಳಿಗೆ. ಹೋಲ್ಡಾನ್ ಗಾಬರಿಯಿಂದ ಇಂಜಿನ್ ಆರಿಸಿ, ತಾವು ಅಲ್ಲಿರಲೇ ಇಲ್ಲವೆಂಬಂತೆ ಕೆಳಗಿಳಿದರು.

ಒಡತಿಯ ಕಿಟಕಿ ತೆರೆಯಿತು. "ಸಂಜೆವರೆಗೂ ಕಾಯಲ್ಲ. ಗುಜರಿಯವನಿಗೆ ಈಗ್ಲೇ ಹೇಳಿ ಕಳಿಸ್ತೀನಿ!"

"ಕಳಿಸಿ ದೊಡ್ಡಮ್ಮಾ!" ಕಪ್ಪು ಮುಖದಲ್ಲಿ ಹಲ್ಲು ಮಾತ್ರ ಹೊಳೆದವು. "ಅವನೂ ಬಂದು ನೋಡ್ಲಿ, ಕಾರು ಅಂದ್ರೆ ಹೇಗಿರುತ್ತೆ ಅಂತ!"

ಹೊದಿಕೆಗಳನ್ನು ಹೆಂಡತಿ ಸೋಪಿನ ನೀರಿಗೆ ಮುಳುಗಿಸಿದಳು. ಅವನು ಮುಚ್ಚಳದ ಅಂಚನ್ನು ಕನ್ನಡಕದ ಗಾಜಿನಷ್ಟೇ ನಾಜೂಕಾಗಿ ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ಅತ್ತ ಒಂದು ಇತ್ತ ಒಂದು, ಸ್ವಲ್ಪಸ್ವಲ್ಪವೇ ಬಿಗಿ ಮಾಡಿದ. ಹೊಸ ಆಯಿಲ್ ಹಾಕಿ, ಅಡಿಗೆ ಬಿಳಿ ರಟ್ಟು ಇಟ್ಟು, ಇಂಜಿನ್ ಬಿಸಿಯೇರುವ ತನಕ ಓಡಿಸಿದ. ಅವನೂ ಹೆಂಡತಿಯೂ ಕಂಡಕ್ಟರೂ ಮಂಡಿಯೂರಿ ಬಗ್ಗಿ ನೋಡಿದರು. ಒಂದು ತೊಟ್ಟೂ ಇಲ್ಲ. ತೊಟ್ಟಿನ ಸುಳಿವೂ ಇಲ್ಲ.

"ರೈಟ್!" ಎಂದರು ಕಂಡಕ್ಟರು, ಬಹುಶಃ ಕೆಲಸ ಬಿಟ್ಟಮೇಲೆ ಮೊದಲ ಸಲ.

ಅಲ್ಲಿಗೇ ನಿಲ್ಲಿಸಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ. ಆದರೆ ಗೆದ್ದವನಿಗೆ ಅಷ್ಟು ಸಾಲಲಿಲ್ಲ. ಸೋರಿದ್ದ ಗುರುತೂ ಉಳಿಯಕೂಡದು ಅನ್ನಿಸಿತು. ಕಾರನ್ನು ಪಕ್ಕಕ್ಕೆ ತಳ್ಳಿ, ಸೋಪಿನ ಪುಡಿ ಸುರಿದು, ತಂತಿ ಬ್ರಷ್ಷು ಹಿಡಿದು ಆ ಕಲೆಯನ್ನು ಹಠದಿಂದ ತಿಕ್ಕಿದ. ಹೊತ್ತು ಇಳಿಯುವಾಗ ಕಲೆ ಪೂರ್ತಿ ಹೋಗಿತ್ತು.

ಒಡತಿ ಬಂದು ನಿಂತರು. ಮೊದಲು ರಟ್ಟು ನೋಡಿದರು, ಆಮೇಲೆ ನೆಲ ನೋಡಿದರು. ಅಂಗಳದ ನಡುವೆ ಕಲೆಯಿದ್ದ ಜಾಗ ಹುಣ್ಣಿಮೆ ಚಂದ್ರ ಕಳಚಿ ಬಿದ್ದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ನಮ್ಮ ಅಂಗಳ ಈ ಬಣ್ಣದ್ದೇನೋ?"

"ಹೌದು ದೊಡ್ಡಮ್ಮಾ!" ಎಂದ ಎದೆಯುಬ್ಬಿಸಿ.

"ಅಂದ್ರೆ ಉಳಿದಿದ್ದೆಲ್ಲಾ ಕೊಳಕು ಅನ್ನು." ಅವರು ಸುತ್ತಲೂ ಕಣ್ಣಾಡಿಸಿದರು. "ಬೆಳಿಗ್ಗೆ ತನಕ ಚೆನ್ನಾಗೇ ಇತ್ತು. ಈಗ ನೋಡು, ಹಳೇ ಕೋಟಿಗೆ ಹೊಸ ತೇಪೆ ಹಾಕಿದ ಹಾಗಿದೆ. ಒಂದೋ ಪೂರ್ತಿ ತಿಕ್ಕು, ಇಲ್ಲಾ ಮೊದಲಿದ್ದ ಹಾಗೇ ಮಾಡ್ಕೊಡು."

"ಅದೇನು ಮಹಾ," ಎಂದರು ಕಂಡಕ್ಟರು. "ಬೋಲ್ಟು ಸ್ವಲ್ಪ ಸಡಿಲ ಮಾಡಿ ಕಾರು ಅಲ್ಲೇ ನಿಲ್ಸು. ಸ್ವಲ್ಪ ದಿನಕ್ಕೆ ಎಲ್ಲಾ ಒಂದೇ ಬಣ್ಣಕ್ಕೆ ಬರುತ್ತೆ."

"ಹಾಗೇ ಮಾಡಿಬಿಡ್ರೀ," ಎಂದಳು ಹೆಂಡತಿ. "ನಿಮಗೂ ಸುಸ್ತಾಗಿದೆ."

ಅವನು ಬ್ರಷ್ಷನ್ನು ಕತ್ತಿಯಂತೆ ಎತ್ತಿ ನಿಂತ. "ಸಡಿಲ ಮಾಡೋದಾ? ನನ್ನ ಕಾರು ಸೋರಲ್ಲ! ಇವತ್ತಲ್ಲ, ಇನ್ನೆಂದೂ ಸೋರಲ್ಲ! ಬೇಕಾದ್ರೆ ಅಂಗಳ ಪೂರ್ತಿ ತಿಕ್ತೀನಿ, ಗೇಟಿನ ತನಕ ತಿಕ್ತೀನಿ!"

"ಗೇಟಿನ ಹತ್ರ ಮೆಟ್ಟಿಲೂ ಇವೆ," ಎಂದರು ಒಡತಿ ಮೆಲ್ಲಗೆ.

"ಅವನ್ನೂ!"

ಅವನು ಮಂಡಿಯೂರಿದ. ಕಂಡಕ್ಟರು ಕುರ್ಚಿ ತರಿಸಿಕೊಂಡು ಪಕ್ಕದಲ್ಲೇ ಕೂತು, ಯಾವ ಮೂಲೆಯಿಂದ ಶುರು ಮಾಡಬೇಕೆಂದು ವಿವರಿಸತೊಡಗಿದರು. ಒಡತಿ ಜಗಲಿಯ ಮೇಲೆ ಹೆಂಡತಿಯ ಪಕ್ಕ ಕೂತು, ದನಿ ತಗ್ಗಿಸಿ ಹೇಳಿದರು:

"ಎಷ್ಟು ಸಲ ಹೇಳಿ ಕಳಿಸಿದ್ರೂ ಈ ಅಂಗಳ ತಿಕ್ಕೋಕೆ ಒಬ್ರೂ ಬಂದಿರ್ಲಿಲ್ಲ ಕಣೇ. ನಿನ್ನ ಗಂಡ ಬಂಗಾರ."

ಮಾತು ಅವನ ಕಿವಿಗೂ ಬಿತ್ತು. ಅವನು ತಲೆಯೆತ್ತಲಿಲ್ಲ. ಬ್ರಷ್ಷು ಮಾತ್ರ ಮೊದಲಿಗಿಂತ ಜೋರಾಗಿ ಸದ್ದು ಮಾಡಿತು.