ಕೌದಿಯ ಹೊಟ್ಟೆಗೆ ಏನು ಹಾಕಬೇಕು?

ಇಲ್ಲಿ ಒಂದೆರಡು ವಿವರ ತಪ್ಪಿರಬಹುದು. ನನ್ನ ನೆನಪು ನನಗೆ ಅನುಕೂಲವಾಗುವ ಹಾಗೆ ನಡೆದುಕೊಳ್ಳುತ್ತದೆ ಎಂದು ಗೊತ್ತಾಗಿ ಬಹಳ ವರ್ಷವಾಯಿತು, ದಿನಚರಿ ಬರೆಯುವುದೂ ಅದಕ್ಕೇ. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: 'ಕೌದಿ. ೮ ಬಕೆಟ್ ನೀರು.' ಅದು ೮ ಹೌದೋ ಅಲ್ಲವೋ ಹೇಳಲಾರೆ, ಪುಟವೂ ಒದ್ದೆಯಾಗಿತ್ತು. ಉಳಿದದ್ದಕ್ಕೆ ಸಾಕ್ಷಿ ಎಂದರೆ ಮನೆ ಸಾಮಾನುಗಳ ರಿಪೇರಿಯ ಬಗ್ಗೆ ಇರುವ ಒಂದು ಆನ್‌ಲೈನ್ ಗುಂಪಿನಲ್ಲಿ ನಾನು ಹಾಕಿದ ಪ್ರಶ್ನೆ. ಎಂ.ಎ. ಓದಿದ ಹೆಂಗಸಿಗೆ ತಕ್ಕಂತೆ ಸಮಾಧಾನದಿಂದ ಕೇಳಿದ್ದೆ ಎಂದು ನನ್ನ ನೆನಪು. ಮೊನ್ನೆ ತೆಗೆದು ನೋಡಿದೆ. 'ದಯವಿಟ್ಟು' ಮೂರು ಸಲ ಇದೆ, ಆಶ್ಚರ್ಯಸೂಚಕ ಚಿಹ್ನೆ ಒಂಬತ್ತು.

ಗುರುತಿಲ್ಲದವರನ್ನು ಕೇಳುವುದು ನನಗೆ ಚಟವಾಗಿದೆ. ಮಿಕ್ಸರಿನಿಂದ ಯಾಕೆ ಸುಟ್ಟ ವಾಸನೆ ಬರುತ್ತದೆ, ಮೊಸರು ಯಾಕೆ ಲೋಳೆಯಾಗುತ್ತದೆ, ಫೋನಿನಲ್ಲಿ ಅಳಿಸಿದ ಫೋಟೊ ಎಲ್ಲಿ ಹೋಗುತ್ತದೆ, ಎಲ್ಲ ಅವರನ್ನೇ ಕೇಳಿದ್ದೇನೆ. ಬಾಜು ಮನೆಯವರು ಒಳ್ಳೆಯವರೇ. ಆದರೆ ಇಲ್ಲಿ ನವಲಗುಂದದಲ್ಲಿ ಬಾಜು ಮನೆಗೆ ಒಂದು ಪ್ರಶ್ನೆ ಕೇಳಿದರೆ, ಉತ್ತರ ನನಗೆ ಬರುವ ಮೊದಲು ಪ್ರಶ್ನೆ ಕುಬಿಹಾಳದ ನನ್ನ ತವರುಮನೆಗೆ ಮುಟ್ಟಿರುತ್ತದೆ. ಆನ್‌ಲೈನ್ ಜನರಿಗೆ ನನ್ನ ಅವ್ವನ ಪರಿಚಯವಿಲ್ಲ. ಅವರ ದೊಡ್ಡ ಗುಣ ಅದು.

ತಂಗಿ ಸವಿತಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ನಾಲ್ಕು ದಿನಕ್ಕಿತ್ತು. ಕೂಸು ಹುಟ್ಟುವಾಗಲೇ ಸಣ್ಣದು, ಹಾಲು ಕುಡಿಯಲು ಬೇಸರ ಅದಕ್ಕೆ. ಎಲ್ಲರಿಗೂ ಅದೇ ಚಿಂತೆ. ತೊಟ್ಟಿಲಿಗೆ ಹಾಸುವುದು ದೊಡ್ಡವ್ವ, ಅಂದರೆ ನನ್ನ ಅವ್ವನ ಅಕ್ಕ, ನಾನು ಹುಟ್ಟಿದಾಗ ಹೊಲಿದ ಕೌದಿ. ಹಳೆಯ ಸೀರೆಗಳ ಐದಾರು ಪದರ. ನಾನು, ಸವಿತಾ, ನಾಲ್ಕು ವರ್ಷದ ಹಿಂದೆ ಅಣ್ಣನ ಮಗ, ಎಲ್ಲರೂ ಅದರ ಮೇಲೆ ಮಲಗಿ ಎದ್ದವರೇ. ತವರಿನಲ್ಲಿ ಪೆಟ್ಟಿಗೆಯಿಂದ ತೆಗೆದಾಗ ಮುಗ್ಗಲು ವಾಸನೆ ಬಂತು. "ಹಳ್ಳದಾಗ ಒಗದ ಕೊಡ್ತೀನಿ" ಎಂದಳು ಅವ್ವ. ನಾನು ನಕ್ಕೆ. "ನಮ್ಮನ್ಯಾಗ ಮಷಿನ್ ಐತೆವಾ" ಎಂದೆ. ಈ ಮಾತು ಮಾತ್ರ ನನಗೆ ಅಕ್ಷರಶಃ ನೆನಪಿದೆ, ಮರೆಯಲು ಬಹಳ ಪ್ರಯತ್ನ ಪಟ್ಟಿದ್ದೇನೆ.

ಮಷಿನ್ ಅರ್ಧ ಗಂಟೆ ತಿರುಗಿ ನಿಂತಿತು. ಒಳಗೆ ನೀರು, ನೀರಿನಲ್ಲಿ ಕೌದಿ, ಬಾಗಿಲು ಲಾಕು. ಗಾಜಿನ ಹಿಂದಿನಿಂದ ಕೌದಿ ನನ್ನನ್ನು ಕೆರೆಯಲ್ಲಿ ಕುಳಿತ ಎಮ್ಮೆಯ ಹಾಗೆ ನೋಡುತ್ತಿತ್ತು. ಸರ್ವಿಸ್‌ನವನಿಗೆ ಫೋನ್ ಮಾಡಿದರೆ ಐದು ದಿನ ಬಿಟ್ಟು ಬರುತ್ತೇನೆಂದ. ಫೋಟೊ ಹೊಡೆದು ಗುಂಪಿಗೆ ಹಾಕಿದೆ.

ಹತ್ತು ನಿಮಿಷದಲ್ಲಿ ಹದಿನಾಲ್ಕು ಜನ ಬಂದರು. ಒಬ್ಬರು ಪ್ಲಗ್ ತೆಗೆದು ಹಾಕಿ ಎಂದರು. ಒಬ್ಬರು ಮಷಿನ್ ಸತ್ತಿದೆ, ಹೊಸದು ತಗೊಳ್ಳಿ ಎಂದರು. ಇನ್ನೊಬ್ಬರು ಕೌದಿ ಎಂದರೇನು ಎಂದು ಕೇಳಿದರು. ಹೇಳಿದೆ. ಬಹಳ ಚಂದ, ಮಾರುತ್ತೀರಾ ಎಂದರು. 'ಹಳೇ ಸೈಕಲ್' ಎಂದು ಹೆಸರಿಟ್ಟುಕೊಂಡ ಒಬ್ಬರು ಮಾತ್ರ ಡಾಕ್ಟರರ ಹಾಗೆ ಒಂದೊಂದೇ ಪ್ರಶ್ನೆ ಕೇಳಿದರು. 'ಅದರೊಳಗೆ ಏನಾದರೂ ಸೇರಿಸಿ ಹೊಲಿದಿದ್ದಾರಾ?' 'ಇಲ್ಲ,' ಎಂದು ಬರೆದೆ. 'ಖಂಡಿತ?' 'ಖಂಡಿತ. ನಮ್ಮ ಮನೆಯ ಕೌದಿ, ನನಗೆ ಗೊತ್ತಿಲ್ಲವೇ?' ಇದೂ ಅಲ್ಲಿ ಹಾಗೇ ಇದೆ, ಯಾರು ಬೇಕಾದರೂ ಓದಬಹುದು. 'ಕೆಳಗೆ ಬಲಗಡೆ ಒಂದು ಸಣ್ಣ ಮುಚ್ಚಳ ಇರುತ್ತದೆ. ಒಂದು ತಾಟು ಇಟ್ಟುಕೊಂಡು ತಿರುವಿ,' ಎಂದರು ಹಳೇ ಸೈಕಲ್.

ತಾಟು ಎಂದದ್ದು ಅವರ ಸೌಜನ್ಯ. ನೀರು ಅಡುಗೆಮನೆ ದಾಟಿ ಪಡಸಾಲೆಗೆ ಹೋಯಿತು. ಹಿಂದೆಯೇ ಬೂದು ಬಣ್ಣದ, ಗಟ್ಟಿ, ಬೆಚ್ಚಗಿನ ಪದಾರ್ಥ ಬಂತು. ಮೂಸಿ ನೋಡಿದೆ. ಅಂಬಲಿ. ನನ್ನ ಮಷಿನ್ ಸೋಪಿನ ನೀರಿನಲ್ಲಿ ಜೋಳದ ಅಂಬಲಿ ಕಾಸಿತ್ತು.

ಆಗ ನೆನಪಾಯಿತು. ಕೌದಿ ಹೊಲಿದು ಮುಗಿಸುವಾಗ ನಮ್ಮಲ್ಲಿ ನಟ್ಟನಡುವೆ ಒಂದು ತುಂಡು ಬಟ್ಟೆ ಹಚ್ಚಿ, ಅದರ ಕೆಳಗೆ ಹಿಡಿ ಜೋಳ ಇಟ್ಟು ಹೊಲಿಯುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿಯ ಮೇಲೆ ಮಲಗಿದ ಕೂಸಿಗೆ ಹಾಲು ಹತ್ತುವುದಿಲ್ಲ ಎನ್ನುತ್ತಾಳೆ ದೊಡ್ಡವ್ವ. ಒಗೆಯುವ ಮೊದಲು ಹೊಟ್ಟೆ ಬಿಚ್ಚಿ ಕಾಳು ತೆಗೆಯಬೇಕು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೆ ಸವಿತಾಳ ಕೂಸು ಕಣ್ಣಮುಂದೆ ಬಂತು. ನಂಬದೆ ಇರುವುದಕ್ಕೆ ಅದು ಸರಿಯಾದ ಸಮಯ ಅಲ್ಲ ಅನ್ನಿಸಿತು.

ಹಿಡಿ ಜೋಳ ತಂದು ತುಂಬಿದರೆ ಆಯಿತಲ್ಲ ಎನ್ನುತ್ತೀರಿ. ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ ಮಾಡಬೇಕು. ಸುತ್ತ ಹತ್ತು ಹಳ್ಳಿ ಜೋಳ ಬೆಳೆಯುವ ಊರಿನಲ್ಲಿದ್ದೂ ನಮ್ಮ ಮನೆಯಲ್ಲಿ ಒಂದು ಕಾಳು ಜೋಳ ಇರಲಿಲ್ಲ. ರೊಟ್ಟಿ ನಾವು ಅಂಗಡಿಯಿಂದ ತರುತ್ತೇವೆ. ಅವ್ವನಿಗೆ ಗೊತ್ತಿಲ್ಲ. ಬಾಜು ಮನೆಯಲ್ಲಾಗಲಿ ಕಿರಾಣಿ ಅಂಗಡಿಯಲ್ಲಾಗಲಿ ಕೇಳಿದರೆ ಗೊತ್ತಾಗುತ್ತದೆ. ಮತ್ತೆ ಫೋನ್ ಎತ್ತಿಕೊಂಡೆ. ಈ ಸಲ ಅಡುಗೆಯ ಗುಂಪು. 'ಜೋಳದ ಬದಲಿಗೆ ಏನು ಬಳಸಬಹುದು?' ಯಾತಕ್ಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. 'ಓಟ್ಸ್. ಅಷ್ಟೇ ಅಳತೆ. ಜೀರ್ಣಕ್ಕೂ ಒಳ್ಳೆಯದು,' ಎಂದರು ಏಳು ಜನ. ಓಟ್ಸ್ ಮನೆಯಲ್ಲಿತ್ತು.

ಹೊಟ್ಟೆಯ ಹೊಲಿಗೆ ಬಿಚ್ಚಿಹೋದ ಕೌದಿ ಮಾಳಿಗೆಯ ಮೇಲೆ ಎರಡು ದಿನ ಒಣಗಿತು. ಹೊಟ್ಟೆಗೆ ಹಿಡಿ ಓಟ್ಸ್ ಹಾಕಿ ನಾಲ್ಕೂ ಕಡೆ ಹೊಲಿದೆ. ಹೊಲಿಗೆಯ ಫೋಟೊ ಇನ್ನೊಂದು ಗುಂಪಿಗೆ ಹಾಕಿ, ಹಳೆಯದರ ಹಾಗೆ ಕಾಣುತ್ತದೆಯೇ ಎಂದು ಕೇಳಿದೆ. ಕಾಣುತ್ತದೆ ಎಂದರು.

ಕಾರ್ಯದ ದಿನ ಕುಬಿಹಾಳಕ್ಕೆ ಹೋದೆವು. ಸಂಶಿಯಿಂದ ದೊಡ್ಡವ್ವ ಬಂದಳು. ಚಾ ಕುಡಿದು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು, "ಕತ್ತರಿ ಕೊಡ್ರಿ" ಎಂದಳು.

"ಯಾಕ ದೊಡ್ಡವ್ವಾ?" ಎಂದೆ.

"ಹೊಸಾ ಕೂಸು ಬಂತಂದ್ರ ಹೊಟ್ಟಿ ಹೊಸದಾಗಿ ತುಂಬಬೇಕಲ್ಲಬೇ. ಹಳೇ ಕಾಳಿನ ಮ್ಯಾಲ ಮಲಗಸ್ತಾರೇನು?" ಎಂದಳು.

ಅಂದರೆ ಖಾಲಿ ತಂದಿದ್ದರೆ ಸಾಕಿತ್ತು. ಕತ್ತರಿ ಆಡಿತು. ದೊಡ್ಡವ್ವ ಅಂಗೈಗೆ ಸುರುವಿಕೊಂಡು ಬೆಳಕಿಗೆ ಹಿಡಿದಳು. ಓಣಿಯ ಹೆಂಗಸರೆಲ್ಲ ಬಗ್ಗಿದರು.

"ಇದೇನ ಶೈಲಾ?"

"ಓಟ್ಸ್ ದೊಡ್ಡವ್ವಾ."

"ದನಕ್ಕ ಹಾಕ್ತಾರೇನ?"

"ಇಲ್ಲ, ನಾವ ತಿಂತೀವಿ."

"ಆರಾಮಿಲ್ಲದಾಗ?"

"ದಿನಾ."

"ಅಯ್ಯ, ಅದಕ್ಕ ಅಕ್ಕ ಹಿಂಗಾಗ್ಯಾಳ" ಎಂದಳು ಸವಿತಾ. ಅವ್ವ ನನ್ನನ್ನೇ ನೋಡುತ್ತಿದ್ದಳು. ಮಷಿನ್, ಅಂಬಲಿ, ಅಂಗಡಿ ರೊಟ್ಟಿ ಎಲ್ಲವನ್ನೂ ಹೇಳಿದೆ. ಯಾರೂ ಕೇಳದಿದ್ದರೂ ಆಶ್ಚರ್ಯಸೂಚಕ ಚಿಹ್ನೆಗಳನ್ನೂ ಹೇಳಿದೆ ಅನಿಸುತ್ತದೆ. ಹೆಂಗಸರು ನಕ್ಕರು. ದೊಡ್ಡವ್ವ ನಗಲಿಲ್ಲ. ನಾಲ್ಕು ಓಟ್ಸ್ ಬಾಯಿಗೆ ಹಾಕಿಕೊಂಡು ಅಗಿದಳು.

"ಸಪ್ಪಗೈತಿ. ಇರಲಿ, ಹಸಿವಿಗಿ ಆಕ್ಕೈತಿ" ಎಂದು ಅದನ್ನು ವಾಪಸು ಹೊಟ್ಟೆಗೆ ಸುರಿದು, ಮೇಲೆ ಹಿಡಿ ಜೋಳ ಹಾಕಿ ಹೊಲಿಯಲು ಕೂತಳು. ನನ್ನ ಮುಖ ನೋಡಿರಬೇಕು. ಸೂಜಿ ನಿಲ್ಲಿಸದೆ ಮೆಲ್ಲಗೆ, "ಯಾಕ ಮಾರಿ ಸಣ್ಣ ಮಾಡ್ತಿ? ನಿನ್ನ ಸಲ ನಾನೂ ಕಾಳು ಮರತಿದ್ನೆಲೇ" ಎಂದಳು.

"ಮರತು? ಖಾಲೀನ ಹೊಲದಿ? ಏನರ ಹಾಕಿದಿ?" ಎಂದೆ. ಅವಳ ಹಲ್ಲಿನ ನಡುವೆ ದಾರ ಇತ್ತು. ಅಷ್ಟರಲ್ಲಿ ತೊಟ್ಟಿಲ ಹಾಡು ಶುರುವಾಯಿತು.

ಕೂಸು ಈಗ ಹಾಲು ಕುಡಿಯುತ್ತದೆ. ಡಾಕ್ಟರರು ಕೊಟ್ಟ ಹನಿಯಿಂದ ಎಂದು ಸವಿತಾ, ಜೋಳದಿಂದ ಎಂದು ಅವ್ವ. ಓಟ್ಸ್ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನು ದೊಡ್ಡವ್ವನಿಗೆ ಮೂರು ಸಲ ಫೋನ್ ಮಾಡಿದ್ದೇನೆ. ಒಮ್ಮೆ ಬಸ್ಸಿನ ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದಳು, ಒಮ್ಮೆ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಇದನ್ನು ಕೇಳಬಹುದಾದ ಗುಂಪು ಎಲ್ಲೂ ಸಿಗಲಿಲ್ಲ. ಮೂರನೆಯದು ನಿನ್ನೆ. ಎತ್ತಿದ ಕೂಡಲೇ, ನನ್ನನ್ನು ಯಾವಾಗಲೂ ಮೊದಲು ಕೇಳುವ ಹಾಗೆ, "ಉಂಡ್ಯೇನವಾ?" ಎಂದಳು. "ಉಂಡೆ," ಎಂದೆ. "ದೊಡ್ಡವ್ವಾ, ನಾ ಮಲಗಿದ್ದ ಕೌದಿ ಹೊಟ್ಟ್ಯಾಗ ಏನಿತ್ತ?"