ನಿನ್ನ ವಿಡಿಯೋ ಯಾವನು ನೋಡ್ತಾನೋ?

ನೋಡುವವರಿಗೆ ಏನು ಬೇಕು ಅಂತ ತನಗೆ ಗೊತ್ತಿದೆ ಅಂದುಕೊಂಡವನಿಗೆ ಪೇಚಿನ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನನಗೆ ಸ್ವಲ್ಪ ಜಾಸ್ತಿಯೇ ಆಗಿವೆ. ಮೂಡಿಗೆರೆಯಲ್ಲಿ ಮದುವೆ ವಿಡಿಯೋ ತೆಗೆದವನು ನಾನು, ಲೋಕಲ್ ಕೇಬಲ್ಲಿನಲ್ಲಿ ಕಾರ್ಯಕ್ರಮ ಮಾಡಿದವನು ನಾನು, ಕೊನೆಗೆ ಇಂಟರ್ನೆಟ್ಟಿಗೆ ವಿಡಿಯೋ ಹಾಕಿದವನೂ ನಾನೇ. ನಮ್ಮ ಸುತ್ತಿನಲ್ಲಿ ಈ ಮೂರನ್ನೂ ಮಾಡಿದವರು ಬೇರೆ ಯಾರಿದ್ದಾರೆ, ತೋರಿಸಿ. ನನ್ನನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಬೇರೆಯವರು ಹೊಗಳಲಿ ಅಂತ ಕಾದು ಕಾದು ಸಾಕಾಗಿದೆ.

ಬೇರೆಯವರು ಅಂದರೆ ಮುಖ್ಯವಾಗಿ ನಮ್ಮ ಅಪ್ಪಯ್ಯ. ಅವರು ಜಾವಳಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿಯಿಂದ ಹಿಡಿದು ಮಳೆಯ ಲೆಕ್ಕದವರೆಗೆ ಎಲ್ಲ ಅವರದೇ. ತಮ್ಮ ನಂತರ ಆ ಕುರ್ಚಿಯಲ್ಲಿ ನಾನು ಕೂರಬೇಕು ಅಂತ ಮಾಲೀಕರ ಹತ್ತಿರ ಮಾತಾಡಿಯೂ ಇಟ್ಟಿದ್ದರು. ನಾನು ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮನೆಗೆ ಬಂದ ದಿನ ಅದನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿ, “ನಿನ್ನ ವಿಡಿಯೋ ಯಾವನು ನೋಡ್ತಾನೋ?” ಅಂದರು. ಆಮೇಲೆ ವರ್ಷಗಟ್ಟಲೆ ಅದನ್ನೇ ಅಂದರು. ಅವರ ಬಾಯಲ್ಲಿ ಒಂದು ಸಲ ‘ಪರವಾಗಿಲ್ಲ’ ಅನ್ನಿಸಬೇಕು ಅನ್ನುವುದೇ ನನ್ನ ಹಟ.

ಎಲೆ ತುದಿಯ ಉಪ್ಪು

ನನ್ನ ಮೊದಲ ಮದುವೆ ಕ್ಯಾಸೆಟ್ಟಿಗೆ ನಾನು ಪ್ರಾಣ ಹಾಕಿದ್ದೆ. ಆರತಿಯ ದೀಪ, ಹುಡುಗಿಯ ಕಣ್ಣಂಚಿನ ನೀರು, ನೆಲಕ್ಕೆ ಬಿದ್ದ ಒಂದೇ ಒಂದು ಮಲ್ಲಿಗೆ. ಊಟದ ಮನೆಯಲ್ಲಂತೂ ಬಾಳೆಲೆಯ ತುದಿಗೆ ಉಪ್ಪು ಬೀಳುವುದನ್ನು ಅಷ್ಟು ಹತ್ತಿರದಿಂದ ತೆಗೆದಿದ್ದೆ. ಅದಕ್ಕೆ ಹಿನ್ನೆಲೆಯಲ್ಲಿ ವೀಣೆ ಬೇರೆ.

ಹುಡುಗಿಯ ಅಪ್ಪ ಕ್ಯಾಸೆಟ್ ಓಡಿಸುವ ವಿಸಿಪಿ ಬಾಡಿಗೆಗೆ ತಂದು ಬೀಗರನ್ನೆಲ್ಲ ಕರೆದು ಕೂರಿಸಿದರು. ಅದಕ್ಕೊಂದು ಕಾರಣವಿತ್ತು. ಮದುವೆಯಲ್ಲಿ ಎರಡನೇ ಪಂಕ್ತಿಗೆ ಹೋಳಿಗೆಯೇ ಬರಲಿಲ್ಲ ಅಂತ ಗಂಡಿನ ಕಡೆಯವರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಬಂದಿತ್ತು ಅಂತ ಕ್ಯಾಸೆಟ್ಟಿನಲ್ಲೇ ತೋರಿಸಿಬಿಡೋಣ ಅನ್ನುವುದು ಇವರ ಲೆಕ್ಕ.

ಉಪ್ಪು ಬಿತ್ತು. ವೀಣೆ ನುಡಿಯಿತು. ನೇರವಾಗಿ ತಾಂಬೂಲ ಬಂತು.

“ಹೋಳಿಗೆ ಎಲ್ಲಿ ಮಾರಾಯ?” ಅಂದರು ಹುಡುಗಿಯ ಅಪ್ಪ.

“ಉಪ್ಪು ತೋರಿಸಿದ್ರೆ ಇಡೀ ಊಟ ತೋರಿಸಿದ ಹಾಗೇ ಅಲ್ವಾ? ಅದು ಕಲೆ” ಅಂದೆ.

ಗಂಡಿನ ಸೋದರಮಾವ ತೊಡೆ ತಟ್ಟಿ ನಕ್ಕರು. “ನೋಡಿ, ನಾನು ಹೇಳ್ಲಿಲ್ವಾ? ನಮಗೆ ಬಡಿಸಿದ್ದೂ ಅಷ್ಟೇ!”

ಎರಡು ವರ್ಷ ಬಿಟ್ಟು ಅದೇ ಮನೆಯ ಎರಡನೇ ಮಗಳ ಮದುವೆಗೂ ನನ್ನನ್ನೇ ಕರೆದರು. ಅದು ನನ್ನ ಹೆಮ್ಮೆ. ಧಾರೆಯ ಹೊತ್ತಿಗೆ ಮಂಟಪದ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಹುಡುಗಿಯ ಅಪ್ಪ ಧಾರೆ ಎರೆಯುತ್ತಿದ್ದವರು ಕೈ ತಡೆದು ನನ್ನ ಕಡೆ ಬಗ್ಗಿದರು. “ಇಲ್ಲಿ ಎಂತ ಮಾಡ್ತಿದ್ದೀಯ? ತಾಳಿ ಬಿಟ್ರೂ ಅಡ್ಡಿಲ್ಲ, ಅಲ್ಲಿ ಪಂಕ್ತಿ ಕೂರಿಸ್ತಿದ್ದಾರೆ, ಓಡು!”

ಹಿಂದಿನ ಕಪಾಟು

ಕೇಬಲ್ಲಿನವರು ಸಂಜೆ ಅರ್ಧ ಗಂಟೆ ನನಗೆ ಬಿಟ್ಟುಕೊಟ್ಟಾಗ ಮೊದಲು ಮಾಡಿದ್ದು ಅಡುಗೆ ಕಾರ್ಯಕ್ರಮ. ಮೂಡಿಗೆರೆ ಪೇಟೆಯ ಒಬ್ಬ ಅಂಗಡಿ ಸಾಹುಕಾರರ ಹೆಂಡತಿ ಎಳೆ ಬಿದಿರಿನ ಕಣಲೆ ಪಲ್ಯ ಮಾಡಿ ತೋರಿಸಿದರು. ಕಣಲೆ ಹೆಚ್ಚುವುದು, ನೀರು ಬದಲಾಯಿಸುವುದು, ಒಗ್ಗರಣೆ, ಒಂದೂ ಬಿಡದೆ ತೆಗೆದೆ. ಪ್ರಸಾರ ಮುಗಿಯುವ ಮೊದಲೇ ಫೋನು ಹೊಡೆದುಕೊಳ್ಳತೊಡಗಿತು. ಗೆದ್ದೆ ಅಂದುಕೊಂಡೆ. ಒಬ್ಬರಾದರೂ ಕಣಲೆಯ ಮಾತೆತ್ತಲಿಲ್ಲ. ಎಲ್ಲರದೂ ಆಕೆಯ ಬೆನ್ನ ಹಿಂದಿನ ಪಾತ್ರೆ ಕಪಾಟಿನ ವಿಷಯ.

ಕೊನೆಯ ಫೋನು ಆ ಮನೆಯ ಪಕ್ಕದವರದು. “ತಮ್ಮಾ, ಆ ಮೇಲಿನ ಸಾಲಿನ ಮೂರನೇ ಡಬರಿ ಇದ್ಯಲ್ಲ, ಅದನ್ನು ಇನ್ನೊಂದು ಸಲ ತೋರ್ಸು. ಅದು ನಮ್ಮದು.”

ಬೇಲಿ ಮೇಲಿನ ಮಳೆ

ಕಾಫಿ ಸೀಮೆಯಲ್ಲಿ ಮಾರ್ಚ್ ಬಂತೆಂದರೆ ಎಲ್ಲರ ಕಣ್ಣೂ ಆಕಾಶದಲ್ಲಿ. ಹೂಮಳೆ ಸರಿಯಾಗಿ ಬಿದ್ದರೆ ಗಿಡ ಹೂ ಬಿಡುತ್ತದೆ, ಇಲ್ಲದಿದ್ದರೆ ಆ ವರ್ಷದ ಫಸಲಿಗೆ ಕೈ ಮುಗಿಯಬೇಕು. ಅದಕ್ಕೇ ಪ್ರತಿ ತೋಟದಲ್ಲೂ ಮಳೆ ಅಳೆಯುವ ಒಂದು ರೈನ್‌ಗೇಜು ಇರುತ್ತದೆ. ಲೆಕ್ಕ ಇಂಚು, ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು.

ಹೂ ಬಿಟ್ಟಾಗ ಕಳಸದಿಂದ ಅತ್ತಿಗುಂಡಿಯವರೆಗೆ ಅಲೆದು, ಬೆಳ್ಳಗಾದ ಗುಡ್ಡಗಳನ್ನೆಲ್ಲ ತೆಗೆದು, ಕೊಳಲಿನ ಜೊತೆ ಹಾಕಿದೆ. ಒಬ್ಬ ಪ್ಲಾಂಟರು ಫೋನ್ ಮಾಡಿದರು. “ಹೂವು ನಮ್ಮ ತೋಟದಲ್ಲೇ ಇದೆ ಮಾರಾಯ. ಯಾರ್ ಯಾರಿಗೆ ಎಷ್ಟು ಮಳೆ ಬಂತು, ಅದು ಹೇಳು.”

ಕೊಳಲು ತೆಗೆದುಹಾಕಿದೆ. ಒಂದೊಂದು ತೋಟದವರು ಫೋನಿನಲ್ಲಿ ಹೇಳಿದ ಮಳೆ ಲೆಕ್ಕವನ್ನು ಪರದೆಯ ಮೇಲೆ ಓಡಿಸತೊಡಗಿದೆ. ಆ ಹೊತ್ತಿಗೆ ಮೂಡಿಗೆರೆಯ ಕ್ಲಬ್ಬಿನಲ್ಲಿ ಇಸ್ಪೀಟಾಟ ನಿಲ್ಲುತ್ತಿತ್ತಂತೆ! ಅಪ್ಪಯ್ಯ ಮಾತ್ರ ಟೀವಿಗೆ ಬೆನ್ನು ಹಾಕಿ ಕೂತು, “ಮಳೆ ನೋಡಕ್ಕೆ ಟೀವಿ ಹಾಕ್ತಾರೆ, ಅಂಗಳಕ್ಕೆ ಹೋದ್ರೆ ಆಗಲ್ವಾ?” ಅಂದರು.

ಒಂದೇ ಬೇಲಿಯ ಆಚೆ ಈಚೆಯ ಇಬ್ಬರು ಪ್ಲಾಂಟರಿದ್ದರು. ಒಬ್ಬರಿಗೆ ತೊಂಬತ್ತು ಸೆಂಟು, ಇನ್ನೊಬ್ಬರಿಗೆ ಒಂದೂಕಾಲು ಇಂಚು ಅಂತ ಬಂತು. ತೊಂಬತ್ತು ಸೆಂಟಿನವರು ಜೀಪು ಹತ್ತಿ ಸೀದಾ ನನ್ನ ವಿಡಿಯೋ ಅಂಗಡಿಗೇ ಬಂದರು. “ಅಲ್ಲ, ಮಳೆ ಎಂತ ಬೇಲಿ ಮೇಲೆ ಕೂತು ಯೋಚನೆ ಮಾಡಿ ಆ ಕಡೆ ಹಾರ್ತದಾ?”

“ನೀವು ಹೇಳಿದ್ದನ್ನೇ ಹಾಕಿದ್ದು ಗೌಡ್ರೇ. ಇವತ್ತಿಂದು ಎಷ್ಟು ಹೇಳಿ, ಮೊದಲು ನಿಮ್ದೇ ಹಾಕ್ತೀನಿ.”

ಅವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. “ಬೇಡ. ಮೊದಲು ಅವನದ್ದು ಹಾಕು. ಅದನ್ನು ನೋಡ್ಕೊಂಡು ನಮ್ದು ಹೇಳ್ತೀನಿ.”

ಬೈಗುಳದ ಅಜ್ಜ

ಆಮೇಲೆ ಮನೆ ಮನೆಗೆ ಡಿಶ್ ಬಂತು, ನನ್ನ ಅರ್ಧ ಗಂಟೆ ಹೋಯಿತು. ಅಪ್ಪಯ್ಯ ಅಷ್ಟರಲ್ಲಿ ನಿವೃತ್ತರಾಗಿ, ಎಸ್ಟೇಟಿನ ಹಳೇ ರೈನ್‌ಗೇಜನ್ನು ಕೇಳಿ ತಂದು ನಮ್ಮ ಅಂಗಳದಲ್ಲಿ ನೆಟ್ಟಿದ್ದರು. ಬೆಳಿಗ್ಗೆ ಎದ್ದವರು ಮಫ್ಲರು ಸುತ್ತಿಕೊಂಡು ಮಳೆ ಅಳೆಯುವುದು, ಆಮೇಲೆ ನನ್ನನ್ನು ಬೈಯುವುದು.

ನಾನು ಬಿಡಲಿಲ್ಲ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ವಿಡಿಯೋ ಹಾಕಬಹುದು ಅಂತ ಗೊತ್ತಾದಾಗ, ಮಂಜು ಏಳುವುದನ್ನು ತೆಗೆಯೋಣ ಅಂತ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ ಕಾಫಿ ಕುಡಿಯಲು ಒಳಗೆ ಹೋದೆ. ಆಮೇಲೆ ಚಿಕ್ಕಮಗಳೂರಿನ ಸೈಬರ್ ಸೆಂಟರಿನಲ್ಲಿ ಅರ್ಧ ದಿನ ಕೂತು, ಪೂರ್ತಿ ನೋಡದೆ ಅದನ್ನು ಹಾಕಿ ಬಂದೆ.

ಮುಂದಿನ ವಾರ ಹೋಗಿ ತೆರೆದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮುಂಬೈಯಿಂದ, ದುಬೈಯಿಂದ, ಎಲ್ಲೆಲ್ಲಿಂದಲೋ ನಮ್ಮ ಸೀಮೆಯವರು ಬರೆದಿದ್ದರು. ಮಂಜಿನ ಬಗ್ಗೆ ಅಲ್ಲ. ನಾನು ಒಳಗಿದ್ದಾಗ ಅಪ್ಪಯ್ಯ ರೈನ್‌ಗೇಜಿನ ನೀರು ಅಳೆಯುತ್ತಾ ಕ್ಯಾಮೆರಾದ ಮುಂದೆ ಬಂದು ನಿಂತಿದ್ದರು. “ಮಂಜು ಕಾಣಕ್ಕೆ ಇವನಿಗೆ ಮಿಷನ್ ಬೇಕು. ದೇವ್ರು ಕಣ್ಣು ಎಂತಕ್ಕೆ ಕೊಟ್ಟಿದ್ದಾನೆ? ಯಾವನು ನೋಡ್ತಾನೋ ಇದನ್ನ, ಕೆಲಸ ಇಲ್ದವನು!” ಕೆಳಗೆ ಕೆಲಸವಿಲ್ಲದವರ ಸಾಲೇ ಇತ್ತು. ‘ನಮ್ಮಪ್ಪನೂ ಹೀಗೇ ಬೈಯ್ತಿದ್ದರು, ಅಳು ಬಂತು.’ ‘ಅಜ್ಜ ಇನ್ನೂ ಬೈಯಲಿ.’ ‘ಮಳೆ ಎಷ್ಟು ಬಂತು ಅಂತ ಅಜ್ಜ ಹೇಳಲೇ ಇಲ್ಲ.’

ಅಲ್ಲಿಂದ ಮುಂದೆ ಮಂಜು ತೆಗೆಯುತ್ತೇನೆಂದು ದಿನಾ ಕ್ಯಾಮೆರಾ ನಿಲ್ಲಿಸಿದೆ. ಅಪ್ಪಯ್ಯ ದಿನಾ ಬೈದರು. ನಾವು ಅಪ್ಪ ಮಗ ಪ್ರಸಿದ್ಧರಾದೆವು, ಅಪ್ಪನಿಗೆ ಮಾತ್ರ ಗೊತ್ತಿಲ್ಲ. ಆದರೆ ಇಂಥ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ಬೈಯುವ ಅಜ್ಜ ನೀವೇ ಅಲ್ವಾ?” ಅಂತ ಅವರ ಕೈ ಕುಲುಕಿದರಂತೆ. ಮನೆಗೆ ಬಂದರು. ನಾನು ಹಿತ್ತಿಲ ಬಾಗಿಲು ನೋಡಿಕೊಂಡೆ.

“ಎಷ್ಟು ಜನ ನೋಡಿದ್ರಂತೆ?” ಅಂದರು ಅಪ್ಪಯ್ಯ.

ಹೇಳಿದೆ. ನೆಟ್ಟಗೆ ಒಳಗೆ ಹೋದರು. ಮಾರನೇ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಅಂಗಳಕ್ಕೆ ಇಳಿದು, “ಮಾನ್ಯ ವೀಕ್ಷಕ ಬಾಂಧವರೇ” ಅಂತ ಶುರು ಮಾಡಿದರು. ವಾರವಿಡೀ ಅದೇ ಭಾಷಣ. ನೋಡುವವರು ಇಳಿದುಹೋದರು. ‘ಅಜ್ಜನಿಗೆ ಹುಷಾರಿಲ್ವಾ? ಡಾಕ್ಟರಿಗೆ ತೋರಿಸಿ’ ಅಂತ ದುಬೈಯವರು ಬರೆದರು.

ನೋಡುವವರಿಗೆ ಏನು ಬೇಕು ಅಂತ ನನಗೆ ಆಗಲಾದರೂ ಚೆನ್ನಾಗಿ ಗೊತ್ತಿತ್ತಲ್ಲ. ಕ್ಯಾಮೆರಾ ಓಡಿಸಿ, ಅವರ ಮುಂದೆ ಹೋಗಿ ನಿಂತೆ.

“ಅಪ್ಪಯ್ಯ, ಸ್ವಲ್ಪ ಬೈಯಿರಿ.”

“ಯಾರಿಗೆ?”

“ನನಗೆ. ಈ ವಿಡಿಯೋ ಮಾಡ್ಕೊಂಡು ಕೂತಿದ್ದೀನಲ್ಲ, ಅದಕ್ಕೆ. ಮೊದಲು ಬೈಯ್ತಿದ್ರಲ್ಲ, ಹಾಗೆ.”

ಅಪ್ಪಯ್ಯ ಅಳತೆ ಗಾಜು ಹಿಡಿದುಕೊಂಡೇ ಯೋಚಿಸಿದರು. ಪಾಪ, ನಿಜಕ್ಕೂ ಪ್ರಯತ್ನ ಪಟ್ಟರು.

“ಬೈಯಕ್ಕೆ ಎಂತ ಇದೆ ಮಾರಾಯ? ಚೆನ್ನಾಗೇ ಮಾಡ್ತಿದ್ದೀಯಲ್ಲ.”

ಇಷ್ಟು ವರ್ಷ ಕಾದ ಮಾತು ಇಂಥ ಹೊತ್ತಿನಲ್ಲೇ ಬರಬೇಕಾ! ಆದರೂ ಕಸುಬು ಬಿಡುವುದಿಲ್ಲ ನೋಡಿ. “ಅಯ್ಯೋ ಅಪ್ಪಯ್ಯ, ಕ್ಯಾಮೆರಾ ಓಡ್ತಿದೆ, ಅದೆಲ್ಲ ಆಮೇಲೆ ಹೇಳಿ!” ಅಂದೆ.

ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದೂ ಅದನ್ನೇ ಹಾಕಿದೆ. ದುಬೈಯವರು ಒಂದೇ ಸಾಲು ಬರೆದರು: ‘ಇವತ್ತು ಏನೂ ಮಜಾ ಇಲ್ಲ.’ ಅವರು ಒಂದು ಸಲ ನೋಡಿರಬೇಕು. ಉಳಿದಷ್ಟೂ ಸಲ ನೋಡಿದವನು ನಾನೇ.