ಗಂಟು ಮುದ್ದೆಯ ವಿಜ್ಞಾನ

ಅಡಿಗೆ ಕೆಟ್ಟರೆ ಒಂದು ಕಾರಣ ಹೇಳುವುದು ಲೋಕರೂಢಿ. ಸೌದೆ ಹಸಿಯಾಗಿತ್ತು, ಬೇಳೆ ಹಳೆಯದು, ಹಾಲಿನವನು ಕರೆದ ಅಂತ ಎದ್ದು ಹೋದೆ, ಅಷ್ಟರಲ್ಲಿ ತಳ ಹತ್ತಿತು, ಹೀಗೆ. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಓದಿದವಳು. ಕಾರಣ ಹೇಳುವುದು ನನ್ನ ಅಂತಸ್ತಿಗೆ ಕಡಿಮೆ. ಆದ್ದರಿಂದ ಪಾಠ ಮಾಡುತ್ತಿದ್ದೆ. ಹಾಲು ಒಡೆದರೆ ಆಮ್ಲದ ಪಾಠ, ಬೇಳೆ ಬೇಯದಿದ್ದರೆ ಗಡಸು ನೀರಿನ ಪಾಠ, ಅನ್ನ ಸೀದರೆ ಶಾಖ ಹರಿಯುವ ಬಗೆ. ಸೀದ ವಾಸನೆ ಹಿತ್ತಲು ದಾಟಿ ಬೀದಿಗೆ ಹೋಗುತ್ತಿದ್ದರೂ ನಾನು ಸೌಟು ಎತ್ತಿ ಹಿಡಿದು "ನೋಡಿ ಮಕ್ಕಳೇ" ಎಂದು ಶುರು ಮಾಡಿಬಿಡುತ್ತಿದ್ದೆ. ಈಗ ನೆನೆಸಿಕೊಂಡರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ. ನನ್ನ ಅಡಿಗೆ ಕೆಡುತ್ತಿದ್ದ ವೇಗಕ್ಕೆ ಏಳನೇ ಕ್ಲಾಸಿನ ಪಾಠ ಪುನರಾವರ್ತನೆಯಾಗಿ, ಎಂಟನೇ ಕ್ಲಾಸಿನ ಪುಸ್ತಕ ದಸರಾ ಹೊತ್ತಿಗೇ ಮುಗಿಯಿತು.

ಮಕ್ಕಳು ಮನೆಯಲ್ಲೇ ಓದುವಂತಾದದ್ದಕ್ಕೂ ಕಾರಣ ನಾನೇ. ಎಂಬತ್ತರ ದಶಕದ ಶುರು. ನಮ್ಮವರಿಗೆ ಗುಬ್ಬಿಯಲ್ಲಿ ಗುಮಾಸ್ತೆ ಕೆಲಸ. ಮನೆಯಲ್ಲಿ ನಾವಿಬ್ಬರು, ಕೊತ್ತಗೆರೆಯಿಂದ ಬಂದು ಜೊತೆಗಿದ್ದ ಅತ್ತೆ, ನಮ್ಮ ಇಬ್ಬರು ಹೆಣ್ಣುಮಕ್ಕಳು ಜಯ ಮತ್ತು ಪದ್ಮ. ಜಯ ವಿಷಮಶೀತ ಜ್ವರದಲ್ಲಿ ಒಂದು ವರ್ಷ ಕಳೆದುಕೊಂಡಿದ್ದರಿಂದ ಇಬ್ಬರೂ ಒಂದೇ ಕ್ಲಾಸು. ಇಬ್ಬರೂ ಏಳನೇ ಕ್ಲಾಸು ಪಾಸಾದ ದಿನ ಅತ್ತೆ ಇನ್ನು ಸಾಕು ಎಂದರು. ಹುಡುಗರ ಜೊತೆ ಕೂರಬೇಕು, ಕಾಲ ಕೆಟ್ಟಿದೆ, ಅಂಥ ಮಾತೇನೂ ಅವರು ಆಡಲಿಲ್ಲ. ಅವರ ತಕರಾರು ಬೇರೆ. ನನ್ನ ಕಡೆ ಕೈ ತೋರಿಸಿ, "ಇವ್ಳು ಕಾಲೇಜ್ ಕಲ್ತವ್ಳೆ. ಒಂದ್ ಮುದ್ದೆ ತಿರುವಕ್ಕೆ ಬರಲ್ಲ. ಈ ಹೆಣ್ಣು ಮಕ್ಳನ್ನೂ ಓದ್ಸಿ ಹಿಂಗೇ ಮಾಡ್ಬುಡಿ," ಎಂದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಅವರು ಹೇಳುವಾಗಲೆಲ್ಲ ನನ್ನ ತಟ್ಟೆಯ ಮುದ್ದೆಯನ್ನೇ ನೋಡುತ್ತಿದ್ದರು. ನಮ್ಮವರು ತಾಯಿಯ ಮಾತಿಗೂ ಹೂಂ, ನನ್ನ ಮಾತಿಗೂ ಹೂಂ. ಕೊನೆಗೆ, "ಒಂದು ವರ್ಷ ನೀನೇ ಮನೇಲಿ ಹೇಳ್ಕೊಡು. ಬೇಸಿಗೇಲಿ ಅಣ್ಣ ಬರ್ತಾನೆ, ಅವನು ಹೇಳ್ದಂಗೆ ಮಾಡೋಣ," ಎಂದು ಕೈ ತೊಳೆದುಕೊಂಡರು. ನನ್ನ ಕೆಟ್ಟ ಅಡಿಗೆಗೆ ನನ್ನ ಮಕ್ಕಳು ದಂಡ ತೆರುವಂತಾಯಿತು. ಆ ದಿನ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅತ್ತು ಬಂದವಳು ಅಡಿಗೆ ಕಲಿಯಬೇಕಿತ್ತು. ನಾನು ಅಡಿಗೆಮನೆಯನ್ನೇ ಪ್ರಯೋಗಶಾಲೆ ಮಾಡಿದೆ. ಅದರಲ್ಲಿ ಘನವಾದದ್ದು ಕೇಕಿನ ಪಾಠ. ಕುಕ್ಕರಿಗೆ ಮರಳು ತುಂಬಿ, ಒಳಗೆ ಹಿಟ್ಟಿನ ಡಬ್ಬಿ ಇಟ್ಟು, ಸೀಮೆಎಣ್ಣೆ ಸ್ಟೌವಿನ ಮೇಲೆ ಬೇಯಿಸುವುದು ಆಗ ಹೊಸ ನಾಗರಿಕತೆ. ಬೀದಿಯ ಅರ್ಧ ಜನಕ್ಕೆ ಹೇಳಿಬಿಟ್ಟಿದ್ದೆ. ಸೋಡಾದಿಂದ ಅನಿಲ ಹುಟ್ಟಿ ಕೇಕು ಉಬ್ಬುತ್ತದೆ, ನಡುವೆ ಮುಚ್ಚಳ ತೆಗೆದರೆ ಕುಸಿಯುತ್ತದೆ ಎಂದು ಮಕ್ಕಳಿಗೆ ವಿವರಿಸಿದೆ. ಉಬ್ಬಿತೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಿದೆ. ಉಬ್ಬುತ್ತಿತ್ತು. ಇನ್ನೂ ಉಬ್ಬುತ್ತಿದೆಯೋ ಎಂದು ಮತ್ತೆ ತೆಗೆದೆ. ಮೂರನೇ ಸಲ ತೆಗೆಯುವಷ್ಟರಲ್ಲಿ ಕೇಕು ಮನಸ್ಸು ಬದಲಾಯಿಸಿ ಕುಸಿದು ಕೂತಿತ್ತು. ಅತ್ತೆ ಅದನ್ನು ಬೆರಳಿನಿಂದ ಕುಟ್ಟಿ ನೋಡಿ, "ಬಾಗಿಲು ಬಡ್ಕೊಳ್ದಂಗೆ ಒತ್ತು ಕೊಡಕ್ಕೆ ಆಗ್ತದೆ, ಇಟ್ಕೊ," ಎಂದರು. ಪದ್ಮ ಮಾತ್ರ ಬಿಡಲಿಲ್ಲ. "ಮುಚ್ಚಳ ತೆಗೆದ್ರೆ ಕುಸಿಯುತ್ತೆ ಅಂತ ಗೊತ್ತಿದ್ರೆ ಯಾಕಮ್ಮ ತೆಗೆದೆ?" ಎಂದು ಕೇಳಿದಳು. "ನಿಮಗೆ ತೋರಿಸೋಕೆ," ಎಂದೆ. ಆ ಸುಳ್ಳು ಇವತ್ತಿಗೂ ಗಂಟಲಲ್ಲಿದೆ. ಅದನ್ನು ಮುಚ್ಚಲು ಇನ್ನೊಂದು ದೊಡ್ಡ ಪಾಠ ಮಾಡಿದೆ. ಯಾವುದರಿಂದ ಕೆಟ್ಟಿತು ಎಂದು ತಿಳಿಯಬೇಕಾದರೆ ಉಳಿದದ್ದೆಲ್ಲ ಇದ್ದ ಹಾಗೇ ಇಟ್ಟು ಒಂದೇ ಒಂದನ್ನು ಬದಲಾಯಿಸಿ ನೋಡಬೇಕು, ವಿಜ್ಞಾನ ಅಂದರೆ ಅಷ್ಟೇ ಎಂದೆ. ಇಬ್ಬರೂ ತಲೆ ಆಡಿಸಿದರು. ಆ ತಲೆಯಾಟದಲ್ಲಿ ನನ್ನ ಮಾನ ಹರಾಜಾಗುವ ಸೂಚನೆ ಇತ್ತು, ನನಗೆ ಹೊಳೆಯಲಿಲ್ಲ.

ಮುದ್ದೆಯ ವಿಷಯ ಹೇಳಿಬಿಡುತ್ತೇನೆ. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು ಅದರ ಪಾಡಿಗೆ ಬೇಯಲು ಬಿಡಬೇಕು, ಆಮೇಲೆ ಕೋಲು ಹಾಕಿ ತಿರುವಬೇಕು. ಬೇಯುವ ಮೊದಲೇ ತಿರುವಿದರೆ ಗಂಟು. ಗಂಟಿನ ಒಳಗೆ ಹಿಟ್ಟು ಹಸಿಯಾಗಿ ಏಕೆ ಉಳಿಯುತ್ತದೆ ಎಂಬುದರ ಮೇಲೆ ನಾನು ಮಕ್ಕಳಿಗೆ ಬಹಳ ಚೆನ್ನಾಗಿ ಪಾಠ ಮಾಡಿದ್ದೇನೆ, ಮಾದರಿಗೆ ಎಂದೂ ಬರವಿರಲಿಲ್ಲ. ಅಡಿಗೆ ಮಾಡುವಾಗ ನನ್ನ ಎಡಗೈಯಲ್ಲಿ ಒಂದು ವಾರಪತ್ರಿಕೆ ಇರುತ್ತಿತ್ತು. ಧಾರಾವಾಹಿಯ ಚಟ. ಗಂಟಿಗೆ ಆ ಪತ್ರಿಕೆಯೇ ಮೂಲ ಎಂದು ಅತ್ತೆ, ಪತ್ರಿಕೆಗೂ ಮುದ್ದೆಗೂ ಸಂಬಂಧವಿಲ್ಲ ಎಂದು ನಾನು. ಒಂದು ವಾರ ಪತ್ರಿಕೆ ಮನೆಗೆ ಬಂದದ್ದೇ ಕಾಣೆಯಾಯಿತು. ಆಫೀಸಿಗೆ ಒಯ್ದು ಯಾರಿಗೋ ಕೊಟ್ಟಿದ್ದೀರಿ ಎಂದು ನಮ್ಮವರ ಮೇಲೆ ಹರಿಹಾಯ್ದು ಎರಡು ದಿನ ಮಾತು ಬಿಟ್ಟಿದ್ದೆ. ಪಾಪ, ಅವರು ಅದಕ್ಕೂ ಹೂಂ ಅಂದಿದ್ದರು.

ಬೇಸಿಗೆ ಬಂತು. ಭಾವ ಕೊತ್ತಗೆರೆಯಿಂದ ರಾಗಿ ಮೂಟೆ ಹಾಕಿಕೊಂಡು ಬಂದರು. ನಮ್ಮ ಮನೆಯಲ್ಲಿ ಅವರದೇ ಕೊನೆಯ ಮಾತು. ಊಟಕ್ಕೆ ಕೂತಾಗಲೇ ಅತ್ತೆ ಮಾತು ತೆಗೆದರು. ನಾನು ಬಾಗಿಲ ಹಿಂದೆ ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಮಕ್ಕಳ ಎಂಟನೇ ಕ್ಲಾಸು ಈ ಊಟ ಮುಗಿಯುವುದರೊಳಗೆ ಇರುತ್ತದೋ ಹೋಗುತ್ತದೋ ಎಂಬ ಭಯ. ಭಾವ ಮುದ್ದೆ ಮುರಿದು, ರೂಢಿಯಂತೆ ಗಂಟು ಹುಡುಕಿ, ಸಿಗದೆ ತಲೆ ಎತ್ತಿದರು.

"ಏನವ್ವ, ಇವತ್ತು ಮುದ್ದೆ ಬೆಣ್ಣೆ ಇದ್ದಂಗೈತೆ. ನೀನೇ ತಿರುವ್ದಾ?"

ಅತ್ತೆ ಇಲ್ಲ ಎಂದರು. ಬಡಿಸುತ್ತಿದ್ದ ಜಯ, "ಪದ್ಮ ತಿರುವಿದ್ಲು ದೊಡ್ಡಪ್ಪ. ನಾನು ಪಕ್ಕದಲ್ಲಿ ಕೂತು ವಿಜ್ಞಾನ ಓದಿ ಹೇಳ್ತಿದ್ದೆ, ಇವಳು ಕೇಳ್ತಾ ತಿರುವಿದ್ಲು," ಎಂದಳು.

"ಓದ್ಕೊಂಡು ಮುದ್ದೆ ಮಾಡುದ್ರಾ?"

"ಪ್ರಯೋಗ ಮಾಡಿದ್ವಿ. ಓದಿದ್ರೆ ಅಡಿಗೆ ಕೆಡುತ್ತೆ ಅಂತ ಅಜ್ಜಿ ಹೇಳ್ತಾರಲ್ಲ, ಅದು ನಿಜಾನಾ ಅಂತ. ಮೊದಲು ಅಮ್ಮನ ಪತ್ರಿಕೆ ಬಚ್ಚಿಟ್ವಿ. ಅದೇ ರಾಗಿ, ಅದೇ ಪಾತ್ರೆ, ಅದೇ ಒಲೆ. ಆದ್ರೂ ಗಂಟಾಯ್ತು."

"ಪತ್ರಿಕೆ ವಾಪಸ್ ಕೊಟ್ವಿ, ಆಗ್ಲೂ ಗಂಟು," ಎಂದಳು ಪದ್ಮ. "ಪತ್ರಿಕೆ ಬದಲಾಯಿಸಿದ್ರೆ ಏನೂ ಆಗ್ಲಿಲ್ಲ. ಅದಕ್ಕೇ ಅಮ್ಮನ್ನ ಬದಲಾಯಿಸಿದ್ವಿ."

ಭಾವನ ತುತ್ತು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ನಮ್ಮವರು ಜೀವನದಲ್ಲಿ ಮೊದಲ ಬಾರಿಗೆ ಹೂಂ ಅನ್ನದೆ ತಟ್ಟೆ ನೋಡತೊಡಗಿದರು. ಸಾರಿನ ಪಾತ್ರೆಯ ಸಮೇತ ಭೂಮಿಗೆ ಇಳಿದುಹೋಗಬಾರದೇ ಎಂದು ನನಗನ್ನಿಸಿತು.

"ಹಂಗಾರೆ ತಪ್ಪು ಎಲ್ಲೈತೆ ಮಗ?" ಎಂದರು ಅತ್ತೆ.

"ಓದಿನಲ್ಲಿ ಇಲ್ಲ ಅಜ್ಜಿ," ಎಂದಳು ಪದ್ಮ. "ಅಮ್ಮನಲ್ಲೇ ಇದೆ. ಹಿಟ್ಟು ಬೇಯೋಕೆ ಬಿಡಲ್ಲ, ಕೋಲು ಹಾಕಿಬಿಡ್ತಾರೆ. ಕೇಕಿನ ಮುಚ್ಚಳಾನೂ ಹಾಗೇ ತೆಗೆದ್ರು. ಅಮ್ಮ ಶಾಲೆ ಮೆಟ್ಟಿಲೇ ಹತ್ತದೇ ಇದ್ದಿದ್ರೂ ಹೀಗೇ ಮಾಡ್ತಿದ್ರು."

ಇಷ್ಟು ವರ್ಷ ಓದಿನ ಮೇಲೆ ಹೊರಿಸಿದ್ದ ಅಪವಾದವನ್ನು ಇಳಿಸುವುದು ಅತ್ತೆಗೂ ಸುಲಭವಿರಲಿಲ್ಲ. "ಹುಟ್ಟುಗುಣ ಸುಟ್ರೂ ಹೋಗಲ್ಲ ಅನ್ನು," ಎಂದು ನಿಟ್ಟುಸಿರುಬಿಟ್ಟು, ಬಾಗಿಲ ಕಡೆ ತಿರುಗಿ ನನ್ನನ್ನು ಕರೆದರು. "ಬಾಮ್ಮ ಇಲ್ಲಿ. ಮೇಷ್ಟ್ರು ನೀನೇ ಅಲ್ವ, ಮಕ್ಳು ಹೇಳ್ತಿರೋದು ಸರೀನಾ?"

ಸರಿಯಿರಲಿಲ್ಲ. ಒಬ್ಬಳೇ ಒಬ್ಬಳ ಮುದ್ದೆ ನೋಡಿ ಓದಿದವರ ವಿಷಯ ತೀರ್ಮಾನಿಸಲು ವಿಜ್ಞಾನ ಒಪ್ಪುವುದಿಲ್ಲ. ಓದಿದವರು, ಓದದವರು ಎಂದು ಊರಿನ ಹತ್ತಾರು ಹೆಂಗಸರನ್ನು ಕೂರಿಸಿ ಮುದ್ದೆ ತಿರುವಿಸಬೇಕು. ಆ ಒಂದು ಮಾತು ಹೇಳಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು, ಭಾವನ ತೀರ್ಮಾನ ಮುಂದಕ್ಕೆ ಹೋಗುತ್ತಿತ್ತು, ಶಾಲೆಗೆ ಸೇರಿಸುವ ಜೂನ್ ದಾಟಿಹೋಗುತ್ತಿತ್ತು. ಮಕ್ಕಳಿಬ್ಬರೂ ಉತ್ತರಪತ್ರಿಕೆ ಕೊಟ್ಟವರ ಹಾಗೆ ನನ್ನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಅದರ ಜೊತೆಗೇ, ನಿಜ ಹೇಳುತ್ತೇನೆ, ಇವರಿಗೆ ಪಾಠ ಹೇಳಿದವಳು ನಾನು ಎಂಬ ಹಮ್ಮೂ ಇತ್ತು.

"ಸರಿಯಾಗಿದೆ ಅತ್ತೆ," ಎಂದೆ.

ಭಾವ ನಗುತ್ತ, "ಓದ್ಲಿ ಬಿಡವ್ವ," ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮಕ್ಕಳು ಹೈಸ್ಕೂಲಿಗೆ ಸೇರಿದರು. ಒಂದು ಮಾದರಿಯಿಂದ ತೀರ್ಮಾನಕ್ಕೆ ಬರಬಾರದು ಎಂಬ ಪಾಠವನ್ನು, ಇಬ್ಬರ ಹೆಸರೂ ಹಾಜರಿ ಪುಸ್ತಕದಲ್ಲಿ ಬಿದ್ದ ಮೇಲೆಯೇ ಹೇಳಿಕೊಟ್ಟೆ. ಪದ್ಮ ಕೇಳಿ, "ಹಾಗಾದ್ರೆ ಇನ್ನೊಂದ್ಸಲ ನೋಡೋಣ್ವಾ, ನೀನು ತಿರುವು," ಎಂದು ಕೋಲು ಕೈಗೆ ಕೊಟ್ಟಳು. ಆ ಮುದ್ದೆಯನ್ನು ನಾವು ಮೂವರೂ ಅತ್ತೆಗೆ ಕಾಣದ ಹಾಗೆ ಹಿತ್ತಲಲ್ಲಿ ಹಸುವಿಗೆ ಹಾಕಿಬಂದೆವು.